ಬುಧವಾರದ ಮಾಹಿತಿದಾರ

ಚಿಲ್ಲರೆ ಮಾಮನಿಗೆ ಸುಳ್ಳು ಹೇಳುವ ಕೆಲಸ ಸಿಕ್ಕಿದ್ದು ನಿವೃತ್ತಿಯಾದ ಮೇಲೆ. ಅದೂ ವಿಶ್ವವಿದ್ಯಾಲಯದಲ್ಲಿ! ಬಸ್ ಕಂಡಕ್ಟರಾಗಿ "ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ" ಎಂದು ಬದುಕಿಡೀ ಗಂಟಲು ಹರಿದುಕೊಂಡಿದ್ದಕ್ಕೆ ಬಂದ ಹೆಸರು ಈ ಚಿಲ್ಲರೆ ಮಾಮ. ಸುದ್ದಿ ಕೇಳಿ ಪರವೂರಿನ ಅಕ್ಕ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದರು. "ಅಲ್ಲ ಕಣೋ, ಸುಳ್ಳು ಹೇಳೋಕೂ ಸಂಬಳ ಕೊಡ್ತಾರಾ? ನಿಮ್ಮ ಭಾವನ್ನೂ ಸೇರಿಸ್ಕೊ, ಅವರು ಪುಕ್ಕಟೆ ಬರ್ತಾರೆ."

ಕೆಲಸ ಇಷ್ಟೇ. ರಾಷ್ಟ್ರೀಯ ಭದ್ರತೆ ಮತ್ತು ಗುಪ್ತಚರ ಅಧ್ಯಯನ ವಿಭಾಗದ ಮಕ್ಕಳಿಗೆ ಜನರ ಬಾಯಿ ಬಿಡಿಸುವುದನ್ನು ಕಲಿಸುತ್ತಾರಲ್ಲ, ಆ ಅಭ್ಯಾಸಕ್ಕೆ ಒಂದು ಬಾಯಿ ಬೇಕು. ಪ್ರತಿ ಬುಧವಾರ ಮಾಮ ಬಂದರಿನ ಗುಮಾಸ್ತರಾಗುತ್ತಿದ್ದರು. ಕಳ್ಳಸರಕು ಯಾವ ಗೋದಾಮಿನಲ್ಲಿದೆ ಎಂದು ಗುಮಾಸ್ತನಿಗೆ ಗೊತ್ತು. ಗದರಿಸಿದವರಿಗೆ ಹೇಳಬಾರದು, ವಿಶ್ವಾಸ ಗಳಿಸಿದವರಿಗೆ ಹೇಳಬೇಕು. ಪಾಠದ ಮೇಡಂ ಬರೆದುಕೊಟ್ಟ ಪಾತ್ರದಲ್ಲಿ ಗುಮಾಸ್ತನಿಗೆ ಬಾಯಿ ಜೋರಿನ ಹೆಂಡತಿಯೊಬ್ಬಳಿದ್ದಳು. ಪಾತ್ರ ಬಿಟ್ಟು ಆಚೀಚೆ ಹೋದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಡಂ ಮೊದಲೇ ಹೇಳಿದ್ದರು.

ಮಾಮನ ಸ್ವಂತ ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಮಾತಾಡುವುದೆಂದರೆ ರೇಡಿಯೋ ಒಂದೇ, ಅದಕ್ಕೋ ಕೇಳಿಸಿಕೊಂಡು ಗೊತ್ತಿಲ್ಲ. ಹಾಗಾಗಿ ಬುಧವಾರ ಬಂತೆಂದರೆ ಮಾಮ ಬೆಳಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು ಕೂತುಬಿಡುತ್ತಿದ್ದರು. ಒಬ್ಬರು ಎದುರಿಗೆ ಕೂತು, ಮೊಬೈಲು ಪಕ್ಕಕ್ಕಿಟ್ಟು, ಮುಖ ನೋಡುತ್ತ ನಮ್ಮ ಮಾತು ಕೇಳುವುದು ಈ ಕಾಲದಲ್ಲಿ ಸಣ್ಣ ವಿಷಯವೇ? ಅಂಕಕ್ಕಾಗಿ ಕೇಳಿದರೇನಂತೆ, ಕೇಳಿದರಲ್ಲ!

ಆ ಬುಧವಾರ ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಎದುರಿಗೆ ಕೂತವಳು ಎಡಗೈಯಲ್ಲಿ ಬರೆಯುವ ಹುಡುಗಿ. ಮೂಲೆಯ ಕ್ಯಾಮೆರಾದಲ್ಲಿ ಉಳಿದವರೆಲ್ಲ ಆಚೆ ಕೋಣೆಯಿಂದ ನೋಡುತ್ತಿದ್ದರು. ಅವಳು ಗೋದಾಮಿನ ಸುದ್ದಿಯನ್ನೇ ಎತ್ತಲಿಲ್ಲ.

"ಮನೆಗೆ ಹೋದ ತಕ್ಷಣ ಮೊದಲು ಏನ್ಮಾಡ್ತೀರಿ?"

ಪಾತ್ರದ ಪ್ರಕಾರ ಹೆಂಡತಿ ಹತ್ತಿರ ಬೈಸಿಕೊಳ್ಳುತ್ತೇನೆ ಅನ್ನಬೇಕಿತ್ತು. "ಲೈಟ್ ಹಾಕ್ತೀನಮ್ಮಾ," ಎಂದುಬಿಟ್ಟರು ಮಾಮ. "ಮೊದಲೆಲ್ಲ ಉರೀತಾನೇ ಇರ್ತಿತ್ತು."

ಹುಡುಗಿ ಸುಮ್ಮನೆ ಕಾದಳು. ಅಷ್ಟು ಸಾಕಾಯಿತು. ಆಸ್ಪತ್ರೆ, ಖಾಲಿಯಾದ ಮಂಚ, ಇನ್ನೂ ಯಾರಿಗೂ ಕೊಡಲಾಗದ ಹೆಂಡತಿಯ ಚಪ್ಪಲಿ, ಅಕ್ಕನಿಗೂ ಹೇಳದ್ದೆಲ್ಲ ಹೊರಗೆ ಬಂತು. ಹುಡುಗಿಯ ಕಣ್ಣು ತುಂಬಿದ್ದನ್ನು ಮಾಮ ಕಂಡರು. ಆ ಖುಷಿಗೆ ಗೋದಾಮಿನ ನಂಬರನ್ನೂ ಹೇಳಿದರು.

ಎದ್ದು ಹೊರಬಂದ ಮೇಲೆ ಮೇಡಂ ಹೇಳಿದ್ದು ನೆನಪಾಯಿತು. ಪಾತ್ರ ಮಣ್ಣುಪಾಲಾಗಿತ್ತು. ಇನ್ನು ಬುಧವಾರವೂ ಉಳಿದ ದಿನಗಳ ಹಾಗೆಯೇ.

ಚರ್ಚೆಯ ಹೊತ್ತಿಗೆ ಮಾಮ ಹಿಂದಿನ ಬೆಂಚಿನಲ್ಲಿ ಮುದುರಿ ಕೂತರು. "ಹೇಗೆ ಬಾಯಿ ಬಿಡಿಸಿದೆ?" ಎಂದು ಮೇಡಂ ಕೇಳಿದರು.

"ಪಾತ್ರ ಬಿಟ್ಟು ನಿಜ ಹೇಳ್ತಿದಾರೆ ಅಂತ ಗೊತ್ತಾಯ್ತು ಮೇಡಂ. ಅಲ್ಲೇ ಹಿಡ್ಕೊಂಡೆ," ಎಂದಳು ಹುಡುಗಿ. "ಒಂಟಿ ಮನುಷ್ಯರು. ಕೇಳೋರು ಒಬ್ಬರಿದ್ರೆ ಸಾಕು, ಏನು ಬೇಕಾದ್ರೂ ಕೊಡ್ತಾರೆ."

"ಭೇಷ್!" ಎಂದರು ಮೇಡಂ. ತರಗತಿಯೆಲ್ಲ ತಲೆ ತಗ್ಗಿಸಿ ಬರೆದುಕೊಂಡಿತು. ಮಾಮನಿಗೆ ಎಲ್ಲರೆದುರು ಅಂಗಿ ಬಿಚ್ಚಿದಷ್ಟು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ನೋವಾಯಿತು.

ತರಗತಿ ಮುಗಿದ ಮೇಲೆ ಹುಡುಗಿ ಓಡಿಬಂದಳು. "ಅಂಕಲ್, ಬೇಜಾರಾಯ್ತಾ?"

"ಕಣ್ಣಲ್ಲಿ ನೀರು ಬಂತಲ್ಲಮ್ಮಾ, ಅದನ್ನೂ ಕಲಿಸ್ತಾರಾ?"

"ನಂಗೇ ಗೊತ್ತಾಗ್ತಿಲ್ಲ ಅಂಕಲ್," ಎಂದು ಬ್ಯಾಗು ಎತ್ತಿಕೊಂಡು ಹೋದಳು.

ಅಷ್ಟರಲ್ಲಿ ಮೇಡಂ ಕರೆದರು. ಕೆಲಸ ಹೋಯಿತೆಂದೇ ಮಾಮ ಕೈಕಟ್ಟಿ ನಿಂತರು.

"ನೀವು ಹೇಳಿದ್ದೇ ಚೆನ್ನಾಗಿತ್ತು," ಎಂದರು ಮೇಡಂ. "ಮುಂದಿನ ವಾರದಿಂದ ಪಾತ್ರದಲ್ಲೂ ಹೆಂಡತಿ ಸತ್ತಿರ್ಲಿ. ಇದನ್ನೇ ಹೇಳಿ, ಆಗಬಹುದಾ?"

ವಾರವಾರವೂ ಅದನ್ನೇ ಹೇಳಬಹುದಿತ್ತು. ಹೊಸಬರು ಬಂದು ವಾರವಾರವೂ ಕೇಳುತ್ತಿದ್ದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

"ಬೇಡ ಮೇಡಂ. ಬೇಕಾದ್ರೆ ಬೇರೆಯವರನ್ನ ನೋಡ್ಕೊಳ್ಳಿ," ಎಂದರು ಮಾಮ. "ಇಲ್ಲಾದ್ರೂ ಅವಳು ಇರ್ಲಿ."

ಮೇಡಂ ಮಾಮನ ಮುಖ ನೋಡಿ ಪಾತ್ರವನ್ನು ಮೊದಲಿದ್ದ ಹಾಗೇ ಬಿಟ್ಟರು.

ಮುಂದಿನ ಬುಧವಾರ ಕೂತ ಹುಡುಗ ಎಡಗೈಯವಳ ಪ್ರಶ್ನೆಯನ್ನೇ ಉರುಹೊಡೆದುಕೊಂಡು ಬಂದಿದ್ದ. "ಮನೆಗೆ ಹೋದ ತಕ್ಷಣ ಮೊದಲು ಏನ್ಮಾಡ್ತೀರಿ ಸಾರ್?"

"ಹೆಂಡತಿ ಹತ್ರ ಬೈಸ್ಕೋತೀನಪ್ಪಾ," ಎಂದರು ಮಾಮ. "ಹೇಗೆ ಬೈತಾಳೆ ಗೊತ್ತಾ? ಹೇಳ್ಲಾ?"

"ಹೇಳಿ."

ಮಾಮ ಗಂಟಲು ಸರಿಮಾಡಿಕೊಂಡು, ತಮ್ಮವಳ ದನಿಯಲ್ಲೇ ಶುರು ಮಾಡಿದರು.