ಗೊಮ್ಮಟನ ಬಲ ಭುಜದ ಹತ್ತಿರ ನಾಲ್ಕು ನಕ್ಷತ್ರ

ಎಂಬತ್ತರ ಸುಮಾರಿಗೆ ನಮ್ಮ ಮಣಿಪಾಲದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಏಳು ಅಂಬಾಸಿಡರ್ ಕಾರುಗಳಿದ್ದವು. ಅವುಗಳಲ್ಲಿ ಆರು ಕಾರಿಗೆ ಬಾಡಿಗೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಏಳನೆಯದು ಅಲೆವೂರಿನ ಅಲೋಶಿಯಸ್ ಪೊರ್ಬುಗಳದ್ದು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಾವು ತುಳುವರು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತೇವೆ. ಅವರ ಕಾರಿಗೆ ಮೇ ತಿಂಗಳ ಬಾಡಿಗೆ ಮಾರ್ಚಿನಲ್ಲೇ ನಿಶ್ಚಯವಾಗುತ್ತಿತ್ತು. ಉಳಿದ ಆರರಲ್ಲಿ ಒಂದು ಕಾರು ನನ್ನದು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಸೇರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ರಜೆಗೆ ಬಂದ ಮುಂಬೈಯವರನ್ನು ನಾವು ಕೃಷ್ಣ ಮಠ, ಮಲ್ಪೆ ಎಂದು ಸುತ್ತಿಸಿ ಮನೆಗೆ ಬಿಡುತ್ತಿದ್ದೆವು. ಪೊರ್ಬುಗಳ ದಾರಿಯೇ ಬೇರೆ. ಸಂಜೆ ಕಾಪು ದೀಪಸ್ತಂಭದ ಬಂಡೆಯಲ್ಲಿ ಸೂರ್ಯಾಸ್ತ, ಆಮೇಲೆ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ. ಅಲ್ಲಿ ಗೊಮ್ಮಟ ಬೆಟ್ಟದ ಎದುರಿನ ಬಂಡೆಯ ಮೇಲೆ ಎಲ್ಲರನ್ನೂ ನಿಲ್ಲಿಸಿ ನಕ್ಷತ್ರ ತೋರಿಸುತ್ತಿದ್ದರು. ಈ ವಿದ್ಯೆ ಅವರಿಗೆ ಬಂದದ್ದು ಮಲ್ಪೆಯ ಮೀನುಗಾರ ಗೆಳೆಯನೊಬ್ಬನಿಂದ. ಮೇ ತಿಂಗಳ ಎಂಟೂವರೆಗೆ ಗೊಮ್ಮಟನ ಬಲ ಭುಜದ ಹತ್ತಿರ ನಾಲ್ಕು ನಕ್ಷತ್ರ ನಿಲ್ಲುತ್ತವೆ. ಹಿಂದೂಗಳಿಗೆ ಅದನ್ನು ತ್ರಿಶಂಕು ಎನ್ನುತ್ತಿದ್ದರು, ಕ್ರೈಸ್ತರಿಗೆ ಶಿಲುಬೆ ಎನ್ನುತ್ತಿದ್ದರು. ಜೈನರು ಬಂದರೆ ಅವರು ಗೊಮ್ಮಟನನ್ನೇ ನೋಡುತ್ತಿದ್ದರು. ಮುಂಬೈಯಲ್ಲಿ ಟ್ಯೂಬ್‌ಲೈಟ್ ಬಿಟ್ಟು ಮೇಲೆ ಬೇರೇನೂ ಕಾಣದ ಜನ ಕರಗಿ ನೀರಾಗುತ್ತಿದ್ದರು.

ಎಂಬತ್ತಮೂರರ ಮೇ ತಿಂಗಳಿನಲ್ಲಿ ನನ್ನ ಕಾರಿನ ಗೇರ್‌ಬಾಕ್ಸ್ ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿತ್ತು. ನಾನು ಪೊರ್ಬುಗಳ ಜೊತೆ ಒಂದು ಸಲ ಬರುತ್ತೇನೆಂದು ಕೇಳಿದೆ. ಸುಮ್ಮನೆ ಗಾಳಿ ತಿನ್ನಲಿಕ್ಕೆ ಎಂದು ಹೇಳಿದ್ದು. ನಿಜಕ್ಕೂ ಹೊರಟದ್ದು ವಿದ್ಯೆ ಕದಿಯಲಿಕ್ಕೆ. ಎರಡು ಸಲ ಬೇಡವೆಂದರು. ಮೂರನೆಯ ಸಲ ನನ್ನ ಮುಖವನ್ನು ತುಂಬ ಹೊತ್ತು ನೋಡಿ, ಬಾ ಎಂದರು.

ಅಂದಿನ ಬಾಡಿಗೆ ಮುಂಬೈಯ ಬ್ಯಾಂಕ್ ನೌಕರ ಅಲೆಕ್ಸಾಂಡರ್‌ನದ್ದು. ಅವನು, ಹೆಂಡತಿ ಸೆಲೀನ್ ಮತ್ತು ಎಪ್ಪತ್ತು ದಾಟಿದ ತಾಯಿ ಅಪೊಲೋನಿಯಾ ಬಾಯಮ್ಮ ಹಿಂದೆ ಕೂತಿದ್ದರು, ನಾನು ಮುಂದೆ. ಕಾಪುವಿನಲ್ಲಿ ಸೂರ್ಯ ಸರಿಯಾಗಿಯೇ ಮುಳುಗಿದ. ಅಲ್ಲಿಂದ ಮುಂದೆ ಪೊರ್ಬುಗಳು ಎತ್ತಿನ ಗಾಡಿಯ ವೇಗದಲ್ಲಿ ಹೊರಟರು. ಸೈಕಲೊಂದು ನಮ್ಮನ್ನು ದಾಟಿ ಹೋಯಿತು. ಅವರ ತುಟಿ ಅಲ್ಲಾಡುತ್ತಲೇ ಇತ್ತು, ತೇರ್ಸ, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಿದ್ದಾರೆ ಎಂದುಕೊಂಡೆ. ಭಕ್ತಿವಂತರು, ಅದಕ್ಕೇ ದೇವರು ಬಾಡಿಗೆ ಕೊಡುತ್ತಾನೆ ಎಂದೂ ಅನಿಸಿತು.

ಬೆಳ್ಮಣ್ ದಾಟುವಾಗ ಪಡುವಣ ಕಡೆಯಿಂದ ಮೋಡ ಏರಿತು. ಕಾರ್ಕಳ ಮುಟ್ಟುವಾಗ ಆಕಾಶಕ್ಕೆ ಕಂಬಳಿ ಹೊದೆಸಿದಂತಿತ್ತು. ಪೊರ್ಬುಗಳು ಹಿಂದಿರುಗುತ್ತಾರೆ ಎಂದುಕೊಂಡರೆ, ಅವರು ಕಾರು ನಿಲ್ಲಿಸಿ ಎಲ್ಲರನ್ನೂ ಬಂಡೆಗೆ ಹತ್ತಿಸಿದರು. ಮೋಡದ ದಿನಕ್ಕೂ ಏನೋ ಒಂದು ವಿದ್ಯೆ ಇರಬೇಕೆಂದು ನಾನು ಕಿವಿ ನಿಮಿರಿಸಿ ನಿಂತೆ.

ಅವರು ಬೆಂಕಿಕಡ್ಡಿ ಗೀರಿ ವಾಚನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಎಂಟು ಮೂವತ್ತೈದು. ಕೈ ಎತ್ತಿ ಬೆಟ್ಟದ ಕಡೆಗೆ ತೋರಿಸಿದರು.

"ಅಲ್ಲಿ ನೋಡಿ, ಬಲ ಭುಜದ ಹತ್ತಿರ. ನಾಲ್ಕು ಉಂಟು. ಶಿಲುಬೆ."

ಬೆರಳಿನ ತುದಿಯಲ್ಲಿ ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ. ಅಲೆಕ್ಸಾಂಡರ್ ಬಾಯಿ ತೆರೆದ. ಸೆಲೀನ್ ಅವನ ತೋಳು ಚಿವುಟಿದ್ದು ನನಗೆ ಗೊತ್ತಾಯಿತು. ಹಿರಿಯರು ತೋರಿಸಿದ್ದನ್ನು ಇಲ್ಲ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ, ಅದು ಮುಂಬೈಗೆ ಹೋದವರಿಗೂ ನೆನಪಿರುತ್ತದೆ. ಬಾಯಮ್ಮ ಆಕಾಶ ನೋಡಿದರು, ಪೊರ್ಬುಗಳ ಮುಖ ನೋಡಿದರು, ಶಿಲುಬೆಯ ಗುರುತು ಮಾಡಿಕೊಂಡರು.

"ಹೌದು ಪೊರ್ಬುಗಳೇ, ಚೆಂದ ಕಾಣ್ತದೆ," ಎಂದರು. ಉಳಿದವರೂ ಹೌದು ಎಂದರು. ನಾನೂ ಎಂದೆ.

ಕದಿಯಲು ಬಂದ ವಿದ್ಯೆ ಅಷ್ಟೇ: ತಿಂಗಳು, ಗಂಟೆ, ಗೊಮ್ಮಟ. ಅದಕ್ಕೆ ಕಣ್ಣು ಬೇಕಾಗಿಯೇ ಇರಲಿಲ್ಲ. ದಾರಿಯುದ್ದಕ್ಕೂ ಅರೆಬರೆ ಕಿವಿಗೆ ಬಿದ್ದದ್ದು ಈಗ ಅರ್ಥವಾಯಿತು: ಅವರು ಹೇಳುತ್ತಿದ್ದದ್ದು ತೇರ್ಸವೂ ಅಲ್ಲ, ಮೋರಿ, ಇಗರ್ಜಿ, ಹಲಸಿನ ಮರ ಎಂದು ತಿರುವುಗಳ ಲೆಕ್ಕ. ಆ ಲೆಕ್ಕದ ಮೇಲೆ ನಾವು ಐದು ಜನ ಕಾರ್ಕಳದವರೆಗೆ ಬಂದಿದ್ದೆವು. ಮೂವತ್ತು ವರ್ಷ ಸ್ಟಿಯರಿಂಗ್ ಬಿಟ್ಟು ಬೇರೇನೂ ಹಿಡಿಯದ ಮನುಷ್ಯ. ಈ ವಿಷಯ ಸ್ಟ್ಯಾಂಡಿಗೆ ಮುಟ್ಟಿದರೆ ಮರುದಿನದಿಂದ ಅವರ ಕಾರಿಗೆ ಯಾರೂ ಹತ್ತುವುದಿಲ್ಲ. ಮುಟ್ಟದಿದ್ದರೆ ಯಾವುದೋ ಒಂದು ಮೋರಿಯಲ್ಲಿ ಯಾರದೋ ಸಂಸಾರ ಮುಗಿಯುತ್ತದೆ.

ಜನ ಕಾರಿನ ಒಳಗೆ ಕೂತ ಮೇಲೆ ನಾನು ಅವರನ್ನು ಬದಿಗೆ ಕರೆದೆ.

"ಪೊರ್ಬುಗಳೇ, ಕೀ ಕೊಡಿ."

"ಎಂತಕ್ಕೆ?"

"ಮೋಡ ಉಂಟು."

ಅವರು ತಲೆ ಎತ್ತಿ ಮೇಲೆ ನೋಡಿದರು. ತುಂಬ ಹೊತ್ತು ನೋಡಿದರು.

"ಯಾವಾಗಿನಿಂದ?"

"ಬೆಳ್ಮಣ್‌ನಿಂದ."

ಕೀ ನನ್ನ ಕೈಗಿಟ್ಟು ಅವರು ಕಾರಿನ ಎಡಗಡೆಗೆ ಹೋದರು. ಆ ಬಾಗಿಲಿನ ಹಿಡಿ ಎಲ್ಲಿದೆ ಎಂದು ಕೈಗೆ ಸಿಗಲಿಲ್ಲ, ನಾನು ಒಳಗಿನಿಂದ ತೆರೆದೆ. ಹಿಂದೆ ಕೂತವರು ಚಾಲಕ ಯಾಕೆ ಬದಲಾದದ್ದೆಂದು ಕೇಳಲಿಲ್ಲ. ಬಾಯಮ್ಮ ಮಾತ್ರ ದೊಡ್ಡದಾಗಿ ಉಸಿರು ಬಿಟ್ಟರು.

ಹಿಂದಿರುಗುವಾಗ ಹಿರಿಯಡ್ಕದ ದಾರಿ ಹಿಡಿದೆ. ಪೇಟೆ ಹತ್ತಿರ ಬಂದಾಗ ಪೊರ್ಬುಗಳು ಸಣ್ಣ ಸ್ವರದಲ್ಲಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಮಲ್ಪೆಗೆ ಒಂದು ಬಾಡಿಗೆ ಇದೆ, ನನ್ನ ಕಾರಿನಲ್ಲಿ ನೀನೇ ಹೋಗು ಎಂದರು. ಅದಕ್ಕೆ ನಾನು, ರಾತ್ರಿಯದ್ದು ನಾನು ನೋಡಿಕೊಳ್ಳುತ್ತೇನೆ, ಹಗಲಿನ ಬಾಡಿಗೆ ನೀವೇ ಮಾಡಿ, ಯಾರಿಗೂ ಹೇಳುವುದಿಲ್ಲ ಎಂದೆ. ಅದೇ ಒಳ್ಳೆಯ ದಾರಿ ಎಂದು ನಾನು ಆಗಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದೆ.

ಅವರು ಗಾಜಿನ ಕಡೆಗೆ ಮುಖ ತಿರುಗಿಸಿದರು.

"ಹಗಲೂ ಅಷ್ಟಕ್ಕಷ್ಟೇ, ಮಾರಾಯ," ಎಂದರು.

ಏಳು ವರ್ಷದಿಂದ ನಾನು ಕಣ್ಣು ಹಾಕಿದ್ದ ಬಾಡಿಗೆಯೆಲ್ಲ ಆ ಒಂದು ಮಾತಿನಲ್ಲಿ ನನ್ನ ಕೈಗೆ ಬಂತು. ನನಗೆ ಅಳು ಬಂತು. ಎದುರಿನ ರಸ್ತೆ ಕಾಣಲಿಲ್ಲ, ಕಾರನ್ನು ಬದಿಗೆ ಹಾಕಿ ನಿಲ್ಲಿಸಿದೆ. ಯಾಕೆ ನಿಂತದ್ದು ಎಂದು ಹಿಂದಿನಿಂದ ಅಲೆಕ್ಸಾಂಡರ್ ಕೇಳಿದ. ಪೊರ್ಬುಗಳು ತಿರುಗಿ, ಎಂಜಿನ್ ಬಿಸಿಯಾಗಿದೆ, ಐದು ನಿಮಿಷ ಕೂತುಕೊಳ್ಳಿ ಎಂದು ಹೇಳಿದರು.