ಎಂಟು ದಿನ ಬಿಟ್ಟು ಬಾ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಬೇರೆ ಯಾರೋ ಬಂದು ಉಪ್ಪು ಖಾರ ಹಚ್ಚಿ ಹೇಳುವುದು ಬೇಡ. ಮಾನ್ವಿಯ ಒಂದು ಸಣ್ಣ ದವಾಖಾನೆಯಲ್ಲಿ, ಡಾಕ್ಟರು ಶುಕ್ರವಾರದ ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ, ಅವರ ಕುರ್ಚಿಯ ಮೇಲೆ ಕೂತು ಅವರ ದನಿಯಲ್ಲಿ ಒಬ್ಬ ಮುದುಕಿಯನ್ನು ಒಳಗೆ ಕರೆದೆ. ಅವಳು ಬಂದಳು. ನಾನು ಡಾಕ್ಟರಲ್ಲ ಎಂದು ಅವಳಿಗೆ ಹೇಳಲಿಲ್ಲ. ಇಷ್ಟೇ ನನ್ನ ಸಾಧನೆ.

ಅಲ್ಲಿಗೆ ಹೋದದ್ದು ಪದವಿಗಾಗಿ. ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿನ ನಮ್ಮ ಕಾಲೇಜಿನಲ್ಲಿ ವ್ಯವಹಾರ ನಿರ್ವಹಣೆ ಓದುವವರು ಕೊನೆಯ ವರ್ಷ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕಿತ್ತು. ಎಲ್ಲರೂ ಬ್ಯಾಂಕು, ಮಾರಾಟ ಎಂದು ಗುರುತು ಹಾಕಿದರು. ನನ್ನ ಸರದಿ ಬಂದಾಗ ನಾನು ಪ್ರಿನ್ಸಿಪಾಲರು ಮೂಗು ಏರಿಸುವುದನ್ನು ಮಾಡಿ ತೋರಿಸುತ್ತಿದ್ದೆ. ಹುಡುಗರು ನಗುವುದನ್ನು ಏಕೆ ನಿಲ್ಲಿಸಿದರು ಎಂದು ತಿರುಗಿ ನೋಡಿದರೆ ಪ್ರಿನ್ಸಿಪಾಲರೇ ನಿಂತಿದ್ದರು. ಗಾಬರಿಯಲ್ಲಿ ಪೆನ್ನು ಎಲ್ಲಿತ್ತೋ ಅಲ್ಲೇ ಗುರುತು ಬಿತ್ತು: ಆಸ್ಪತ್ರೆ ಆಡಳಿತ. ಆ ವಿಷಯಕ್ಕೆ ಇಡೀ ಕಾಲೇಜಿಗೆ ನಾನೊಬ್ಬನೇ. ಹಾಜರಿ ಕೂಗುವ ಮೇಷ್ಟ್ರು ಕೂಡ ನಾನು ಬಂದಿದ್ದೇನೆಯೋ ಇಲ್ಲವೋ ಎಂದು ನೋಡಿದರೆ ಸಾಕಿತ್ತು, ಆದರೂ ಕೂಗುತ್ತಿದ್ದರು.

ಪದವಿಗೆ ಏನೇನು ಬೇಕು ಎಂಬುದನ್ನು ಸೈಕ್ಲೋಸ್ಟೈಲ್ ಮಾಡಿದ ಹಾಳೆಯಲ್ಲಿ ಕೊಟ್ಟಿದ್ದರು. ಲೆಕ್ಕಶಾಸ್ತ್ರ, ಅಂಕಿಅಂಶ, ವಾಣಿಜ್ಯ ಕಾನೂನು, ಸಿಬ್ಬಂದಿ ನಿರ್ವಹಣೆ, ಇವೆಲ್ಲ ಹೇಗೋ ದಾಟಿದ್ದೆ. ಕೆಳಗೆ ಉಳಿದದ್ದು: ಊರ ಹೊರಗಿನ ಆಸ್ಪತ್ರೆಯೊಂದರಲ್ಲಿ ಎರಡು ತಿಂಗಳ ತರಬೇತಿ, ದಿನವೂ ಡೈರಿ, ವಾರಕ್ಕೊಮ್ಮೆ ಅದರ ಮೇಲೆ ಡಾಕ್ಟರ ಸಹಿ, ಕೊನೆಗೆ ರೋಗಿಗಳ ಓಡಾಟ ಸುಧಾರಿಸುವ ಒಂದು ಯೋಜನೆ. ಒಂದು ವಾರದ ಸಹಿ ತಪ್ಪಿದರೂ ಪದವಿ ಇಲ್ಲ. ಈ ಕಡೆಯ ಸಾಲಿನ ಕೆಳಗೆ ಮೇಷ್ಟ್ರು ಕೆಂಪು ಗೆರೆ ಎಳೆದುಕೊಟ್ಟಿದ್ದರು, ನನ್ನನ್ನು ಬಲ್ಲವರು.

ಮಾನ್ವಿಯಲ್ಲಿ ನನಗೆ ಒಬ್ಬರೂ ಗೊತ್ತಿರಲಿಲ್ಲ. ಬೇರೆಯವರ ದನಿಯನ್ನು ಅಣಕಿಸಿ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಯಾರ ದನಿ ತೆಗೆದರೂ ಕೇಳುವವನಿಗೆ ಮೂಲದವನು ಗೊತ್ತಿರಬೇಕಲ್ಲ? ನಮ್ಮ ಪ್ರಿನ್ಸಿಪಾಲರು ಮಾನ್ವಿಯಲ್ಲಿ ನಯಾಪೈಸೆಗೂ ಓಡಲಿಲ್ಲ. ರವಿವಾರ ಮಧ್ಯಾಹ್ನ ಬಾಡಿಗೆ ಕೋಣೆಯಲ್ಲಿ ಖಾನಾವಳಿಯ ಡಬ್ಬಿ ಬಿಚ್ಚಿಟ್ಟುಕೊಂಡು ನಮ್ಮವ್ವನ ದನಿಯಲ್ಲಿ "ಬಾರೋ ಯಪ್ಪಾ, ರೊಟ್ಟಿ ಆರಾಕತ್ತ್ಯಾವ" ಎಂದು ಕರೆದುಕೊಳ್ಳುತ್ತಿದ್ದೆ. "ಬಂದೆ ಬೇ" ಎಂದು ನಾನೇ ಉತ್ತರಿಸುತ್ತಿದ್ದೆ. ಮೊದಲ ರವಿವಾರ ನಗು ಬಂತು. ಮೂರನೆಯ ರವಿವಾರ ಕರೆಯುವುದನ್ನೇ ಬಿಟ್ಟೆ.

ದವಾಖಾನೆಗೊಂದು ಪದ್ಧತಿ ಇತ್ತು. ರೋಗಿಗಳು ಸಾಲು ನಿಲ್ಲುತ್ತಿರಲಿಲ್ಲ, ಅವರ ಚಪ್ಪಲಿ ನಿಲ್ಲುತ್ತಿದ್ದವು. ಬಂದವರು ಪಡಸಾಲೆಯಲ್ಲಿ ಒಂದೇ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಮೆಟ್ಟಿಕೊಂಡೇ ಹೋಗಿ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದರು. ಡಾಕ್ಟರು ಹಸಿರು ಪರದೆಯ ಹಿಂದಿನಿಂದ ಎರಡು ಸಲ ಕೆಮ್ಮಿ "ಆವ್, ಮುಂದಿನ ಚಪ್ಪಲಿ ಯಾರದು, ಬರ್ರಿ" ಎನ್ನುವರು. ಆ ಚಪ್ಪಲಿಯವರು ಎದ್ದು ಬರುವರು. ನನ್ನ ಸುಧಾರಣೆಯ ಯೋಜನೆ ಎಂದರೆ ಚಪ್ಪಲಿ ತೆಗೆದು ನಂಬರಿನ ತಗಡು ಕೊಡುವುದು. ದೇವದುರ್ಗದ ಕಡೆಯ ಹಿರಿಯ ನರ್ಸಮ್ಮ ಅದನ್ನು ಓದಿಸಿ ಕೇಳಿ, "ತಗಡು ಕಳಕೊಂಡ್ರ ಏನ್ ಮಾಡ್ತಿ? ಚಪ್ಪಲಿ ಯಾರೂ ಕಳಕೊಳ್ಳಂಗಿಲ್ಲ, ಜೋಡಿ ಕಾಲಾಗ ಇರತದ. ನಾಲ್ಕು ವರ್ಷ ಇದನ್ನೇ ಓದಿದೇನು?" ಎಂದಳು. ಮೂರು ವರ್ಷ ಎಂದು ತಿದ್ದುವ ಧೈರ್ಯ ನನಗಾಗಲಿಲ್ಲ.

ಐದನೆಯ ವಾರದ ಶುಕ್ರವಾರ. ಡಾಕ್ಟರು ಮಸೀದಿಗೆ ಹೋಗಿದ್ದರು, ನರ್ಸಮ್ಮ ಒಳಗೆ ಹೆರಿಗೆ ಮಾಡಿಸುತ್ತಿದ್ದಳು. ಪರದೆಯ ಹಿಂದೆ ನಾನೊಬ್ಬನೇ. ಕೇಳುವವರು ಯಾರೂ ಇಲ್ಲವೆಂದೇ ಕುರ್ಚಿಯಲ್ಲಿ ಕೂತೆ, ಎರಡು ಸಲ ಕೆಮ್ಮಿದೆ, "ಆವ್, ಮುಂದಿನ ಚಪ್ಪಲಿ ಯಾರದು, ಬರ್ರಿ" ಎಂದೆ. ಬಹಳ ಚೆನ್ನಾಗಿ ಬಂತು. ಅದೇ ಕೇಡಾಯಿತು.

ಪರದೆ ಸರಿಸಿ ಬಂದವಳು ಕಲ್ಲೂರಿನ ಒಬ್ಬ ಮುದುಕಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರನ್ನು ಅವಳು ದನಿಯಿಂದಲೇ ಗುರುತಿಸುತ್ತಿದ್ದಳು. ಸ್ಟೂಲು ತಡವಿ ಕೂತು ಮಾತು ಶುರು ಮಾಡಿಬಿಟ್ಟಳು.

"ನಿದ್ದಿ ಬರವಲ್ದು ಸಾಹೇಬ್ರ. ಮನ್ಯಾಗ ಏಳು ಮಂದಿ ಇದ್ದಾರ, ಒಬ್ಬರೂ ಮಾತಾಡ್ಸಂಗಿಲ್ಲ. ಕಣ್ಣು ಮಂಜಾದ್ರ ಕಿವೀನೂ ಹೋದ್ವು ಅಂತ ತಿಳ್ಕೊಂಡಾರ. ನನ್ನ ಮುಂದ ಕುಂತು ನನ್ನ ಸುದ್ದಿನ ಮಾತಾಡ್ತಾರ್ರೀ. ಜ್ವಾಳ ಹಸನ ಮಾಡೂದೊಂದು ಇತ್ತು ನನ್ನ ಕೈಯಾಗ. ಸೊಸಿ ಮೊರಾನೂ ಕಸಗೊಂಡ್ಳು, ಕಲ್ಲು ಹಳ್ಳು ಬಿಡ್ತಿ ಅಂತ."

ಆಗಲೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಐದು ವಾರದಲ್ಲಿ ನನ್ನೆದುರು ಕೂತು ನಾಲ್ಕು ಮಾತು ಆಡಿದವಳು ಅವಳೊಬ್ಬಳೇ. ಅದು ನನಗಾಗಿ ಆಡಿದ ಮಾತಲ್ಲ ಎಂದು ಗೊತ್ತಿದ್ದೂ ಕೇಳಿಸಿಕೊಂಡೆ. ಮೊರದ ಸುದ್ದಿ ಮುಗಿದು, ಸತ್ತ ಗಂಡನ ಸುದ್ದಿ ಮುಗಿದು, ಅವಳು "ಕಾಲು ನೋಡ್ತೀರೇನ್ರೀ?" ಎಂದಾಗ ಎಚ್ಚರಾಯಿತು. ಬಲಗಾಲಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿದರೆ ನಾನೇನು ಮಾಡಲಿ? ಡಾಕ್ಟರು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು: "ಕುಛ್ ನೈ ಅವ್ವಾ, ಏನೂ ಇಲ್ಲ. ಎರಡು ಹೊತ್ತು ಉಣ್ಣು, ಎಂಟು ದಿನ ಬಿಟ್ಟು ಬಾ."

ಅವಳು ಕೈ ಮುಗಿದು ಹೋದಳು.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಗಾಯಕ್ಕೆ ಕಟ್ಟುವ ಪಟ್ಟಿಯ ತಾಟು ಹಿಡಿದು ಹೊರಬಂದಳು. "ಕಲ್ಲೂರ ಆಯಿ ಎಲ್ಲಿ? ಆಕಿ ಚಪ್ಪಲಿನ ಮುಂದಿತ್ತಲ್ಲ." ನಾನು ಹೇಳಿದೆ, ಇದ್ದದ್ದು ಇದ್ದಂತೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ, ದನಿ ತಗ್ಗಿಸಿದಳು. "ಸಕ್ಕರಿ ರೋಗದ ಹುಣ್ಣದು. ದಿನಾ ಬಿಟ್ಟು ದಿನಾ ತೊಳೀಬೇಕು. ಎಂಟು ದಿನ ಬಿಟ್ರ ಕಾಲು ಕತ್ತರಿಸ್ಬೇಕಾಕ್ಕದ. ಎದ್ದೇಳು. ಕರಕೊಂಡು ಬಾ."

ರಾಯಚೂರಿನ ಬಸ್ಸು ಕಲ್ಲೂರಿನ ಮೇಲೆಯೇ ಹೋಗುತ್ತದೆ. ಇಳಿಯದೆ ಕೂತಿದ್ದರೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆ, ನಮ್ಮವ್ವನ ನಿಜವಾದ ದನಿ. ಕಂಡಕ್ಟರ್ "ಕಲ್ಲೂರ್, ಕಲ್ಲೂರ್" ಎಂದು ಎರಡು ಸಲ ಕೂಗಿದ. ಮೂರನೆಯ ಸಲ ನನ್ನ ಕಡೆ ನೋಡಿ ಕೂಗಿದ. ಇಳಿದೆ.

ಕೇಳುತ್ತ ಹೋದರೆ ಮುದುಕಿ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲೇ ಸೊಸೆ ಜೋಳ ಕೇರುತ್ತಿದ್ದಳು. "ಡಾಕ್ಟರು ಇವತ್ತೇ ಬಾ ಅಂದಾರವ್ವಾ" ಎಂದೆ.

"ನೀ ಯಾವನ್ಲೇ? ಸಾಹೇಬ್ರು ಖುದ್ದು ತಮ್ಮ ಬಾಯಿಂದ ಎಂಟು ದಿನ ಅಂದಾರ."

"ಅವರು ಅಂದಿಲ್ಲವ್ವಾ."

"ನನ್ನ ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ. ನಡಿ ಅತ್ತಾಗ."

ಬೇರೆ ದಾರಿ ಉಳಿಯಲಿಲ್ಲ. ಆ ಅಂಗಳದಲ್ಲಿ ನಿಂತು ಎರಡು ಸಲ ಕೆಮ್ಮಿದೆ. "ಕುಛ್ ನೈ ಅವ್ವಾ, ಏನೂ ಇಲ್ಲ. ಎರಡು ಹೊತ್ತು ಉಣ್ಣು, ಎಂಟು ದಿನ ಬಿಟ್ಟು ಬಾ." ನನ್ನ ಜನ್ಮದಲ್ಲಿ ಅಷ್ಟು ತದ್ವತ್ತಾಗಿ ಯಾರ ದನಿಯನ್ನೂ ತೆಗೆದಿರಲಿಲ್ಲ. ಮೊರ ನಿಂತಿತು. ಯಾರೂ ನಗಲಿಲ್ಲ.

ಮುದುಕಿ ಕೈ ಮಾಡಿ ನನ್ನನ್ನು ಹತ್ತಿರ ಕರೆದಳು. ಪಿಸುದನಿಯಲ್ಲಿ ಕೇಳಿದಳು: "ಹಂಗಾರ ನಾ ಹೇಳಿದ್ದೆಲ್ಲ ನೀ ಕೇಳಿದಿ?"

"ಕೇಳೀನಿ."

"ಮೊರದ್ದೂ?"

"ಮೊರದ್ದೂ."

"ಅದನ್ನ ಇಲ್ಲಿ ಆಡಿ ತೋರಿಸಬ್ಯಾಡ ಮತ್ತ" ಎಂದು ನನ್ನ ಹೆಗಲು ಹಿಡಿದು ಎದ್ದಳು. ಬಸ್ಸಿನಲ್ಲಿ ಮಾನ್ವಿಯ ತನಕ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೇ ಕೂತಳು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನಾವು ಮುಟ್ಟುವಷ್ಟರಲ್ಲಿ ನರ್ಸಮ್ಮ ಡಾಕ್ಟರಿಗೆ ಎಲ್ಲ ಹೇಳಿದ್ದಳು. ಅವರು ಮೊದಲು ಹುಣ್ಣು ತೊಳೆದು ಪಟ್ಟಿ ಕಟ್ಟಿದರು. ಕೈ ಒರೆಸಿಕೊಂಡು, ಮೇಜಿನ ಮೇಲಿದ್ದ ನನ್ನ ಡೈರಿ ತೆಗೆದರು. ನಾಲ್ಕು ವಾರದ ಸಹಿ ಇದ್ದವು, ಐದನೆಯದರ ಜಾಗ ಖಾಲಿ.

"ನನ್ನ ದನಿ ನನಗಿಂತ ಚೊಲೋ ಮಾಡ್ತೀಯಂತ. ಮಾಡು ನೋಡೂಣು."

ನನ್ನ ಸ್ವಂತ ದನಿಯೇ ಹೊರಡಲಿಲ್ಲ, ಇನ್ನು ಅವರದೆಲ್ಲಿ?

"ಈ ಕಾಲು ಹೋಗಿದ್ರ ನಿನ್ನ ಪದವಿ ತಂದು ಈಕಿಗೆ ಕಟ್ತಿದ್ದೇನು? ನಾ ಸಹಿ ಹಾಕಂಗಿಲ್ಲ. ಕಾಲೇಜಿಗೆ ಹೋಗಿ ಏನು ಹೇಳ್ಕೋತಿ ಹೇಳ್ಕೋ" ಎಂದು ಡೈರಿ ಮುಚ್ಚಿದರು.

ಸರಿಯಾದ ಮಾತು. ತಿರುಗಿ ಹೊರಟೆ. ಪರದೆಗೆ ಕೈ ಹಾಕಿದಾಗ ಹಿಂದಿನಿಂದ ಮುದುಕಿಯ ದನಿ ಬಂತು:

"ಸಹಿ ಹಾಕ್ರಿ ಸಾಹೇಬ್ರ. ಕಾಲು ನೋಡಲಿಲ್ಲ ಖರೆ, ಆದ್ರ ಇಷ್ಟು ವರ್ಷದಾಗ ಆ ಕುರ್ಚಿಮ್ಯಾಲ ಕುಂತು ನನ್ನ ಮಾತು ಕಡೀತನ ಕೇಳಿದಾವ ಇವನೊಬ್ಬನ."