ಸೀತಾಳೆ ದಂಡೆಯ ದಿಂಬು

ನಮ್ಮ ಬೀರುವಿನ ಕೆಳಗಿನ ಅರೆ ತೆರೆದರೆ ಇವತ್ತಿಗೂ ಲಾವಂಚದ ವಾಸನೆ ಬರುತ್ತದೆ. ಅಲ್ಲಿ ಅಂಗೈಗಿಂತ ತುಸು ದೊಡ್ಡದಾದ ಒಂದು ಬಿಳಿ ಸ್ಯಾಟಿನ್ ದಿಂಬು ಇದೆ. ಚರ್ಚಿನ ಮದುವೆಯಲ್ಲಿ ಎರಡು ಉಂಗುರ ಕಟ್ಟಿ ತರುತ್ತಾರಲ್ಲ, ಆ ದಿಂಬು. ನಾವು ಚರ್ಚಿಗೆ ಹೋಗುವವರಲ್ಲ, ಆದರೂ ಅದು ನಮ್ಮ ಮನೆ ಸೇರಿದೆ. ಹೋದ ವಾರ ಒಂದು ಫೋನು ಬಂದ ಮೇಲೆ ಹೊರಗೆ ತೆಗೆದೆ. ಹಳೆಯ ಸಿಟ್ಟೆಲ್ಲ ಅದರ ಜೊತೆಗೇ ಹೊರಗೆ ಬಂತು...

ಎಂಬತ್ತರ ದಶಕದ ಮಾತು. ಸಾಗರದಲ್ಲಿ ನಮ್ಮ ಬಾಡಿಗೆ ಮನೆಯ ಗೋಡೆಗೆ ತಾಗಿದಂತೆ ಈ ದಿಂಬು ಹೊಲಿದವರ ಮನೆ. ಕ್ರಿಶ್ಚಿಯನ್ ಹೆಂಗಸರನ್ನು ಊರು ಕರೆಯುತ್ತಿದ್ದ ಹಾಗೆ ನಾವೂ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ಮರದ ಲಾರಿ ಓಡಿಸುತ್ತಿದ್ದ ಗಂಡ ಆಗುಂಬೆ ಘಾಟಿಯಲ್ಲಿ ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ತೀರಿಹೋದ ಅಕ್ಕನ ಮಗಳನ್ನು ತಂದು, ಊರವರ ರವಿಕೆ ಹೊಲಿದು ಸಾಕಿದರು. ಆ ಹುಡುಗಿ ನನ್ನ ಓರಗೆಯವಳು, ಒಂದೇ ಬೆಂಚಿನಲ್ಲಿ ಕೂತು ಓದಿದವಳು.

ಅವಳಿಗೆ ತೀರ್ಥಹಳ್ಳಿ ಕಡೆಯ ಗಂಡು ಗೊತ್ತಾಯಿತು. ಉಂಗುರದ ದಿಂಬು ತನ್ನ ಕೈಯಲ್ಲೇ ಆಗಬೇಕೆಂದು ಬಾಯಮ್ಮನಿಗೆ ಆಸೆ. ಆದರೆ ಗಂಡ ಸತ್ತವಳ ಕೈ ಮದುವೆಯ ಸಾಮಾನಿಗೆ ತಾಗಬಾರದು ಎನ್ನುವ ಜನ ಎಲ್ಲ ಜಾತಿಯಲ್ಲೂ ಇದ್ದರು, ಗಂಡಿನ ತಾಯಿಯಂತೂ ಅದರಲ್ಲಿ ಬಲು ಬಿಗಿ ಎಂದು ಸುದ್ದಿ. ಬಾಯಮ್ಮ ಅದಕ್ಕೊಂದು ದಾರಿ ಹುಡುಕಿದರು. ಬಟ್ಟೆಯನ್ನು ಕಸೂತಿಯ ರಿಂಗಿಗೆ ಬಿಗಿದುಕೊಂಡು, ಸೂಜಿಗೆ ಹಸಿರು ನೂಲು ಪೋಣಿಸಿ, ನಮ್ಮ ಅಡುಗೆಮನೆಗೆ ಬಂದರು.

“ಮೊದ್ಲ ಹೊಲಿಗೆ ನೀವು ಹಾಕಿಕೊಡಿ ಅಮ್ಮ. ಮುತ್ತೈದೆ ಕೈಯಿಂದ ಶುರುವಾದ್ರೆ ದೋಷ ಇಲ್ಲ.”

“ನಂಗೆ ಗುಂಡಿ ಹಚ್ಚೋದು ಬಿಟ್ರೆ ಎಂತದೂ ಬರಲ್ಲ ಮಾರಾಯ್ತಿ,” ಎಂದು ಅಮ್ಮ ನಕ್ಕಳು.

“ಸೊಟ್ಟ ಆದ್ರೂ ಅಡ್ಡಿಲ್ಲ, ಹಾಕಿ.”

ಅಮ್ಮ ಹಾಕಿದಳು. ಸೊಟ್ಟಗೇ ಬಿತ್ತು. ಬಾಯಮ್ಮ ಅದನ್ನು ಬಿಚ್ಚಲಿಲ್ಲ. ಅದನ್ನೇ ಎಲೆಯ ತುದಿ ಮಾಡಿಕೊಂಡು, ಅಲ್ಲಿಂದ, ನಮ್ಮ ಕಾಡಿನ ಮರಗಳಲ್ಲಿ ಗೊಂಚಲಾಗಿ ಜೋತುಬೀಳುವ ಸೀತಾಳೆ ಹೂವಿನ ಒಂದು ದಂಡೆ ಇಳಿಬಿಟ್ಟರು. ಬಿಳಿಯ ಮೇಲೆ ಬಿಳಿ, ನಡುವೆ ನೇರಳೆಯ ಚುಕ್ಕೆ. ರವಿಕೆ ಕೆಲಸ ಮುಗಿಸಿ ಸಂಜೆ ಜಗಲಿಗೆ ಬಂದು ಕೂತರೆ ಬೆಳಕು ಹೋಗುವವರೆಗೂ ತಲೆ ಎತ್ತುತ್ತಿರಲಿಲ್ಲ. ಒಳಗೆ ಬೂರುಗದ ಹತ್ತಿ ತುಂಬಿ, ಲಾವಂಚದ ಬೇರು ಸೇರಿಸಿ ಬಾಯಿ ಹೊಲಿದರು. ಅಷ್ಟು ಚಂದದ ಕೆಲಸ ನಾನು ಮತ್ತೆ ಕಂಡಿಲ್ಲ.

ಮದುವೆಯ ವಾರ ಗಂಡಿನ ತಾಯಿ ಸೀರೆ ತೋರಿಸಲು ಬಂದರು. ಅಮ್ಮನೂ ನಾನೂ ಅಲ್ಲೇ ಇದ್ದೆವು. ದಿಂಬನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಹುಡುಗಿಯನ್ನೇ ಕೇಳಿದರು.

“ಯಾರು ಹೊಲ್ದದ್ದು ಇದು? ನಿನ್ನ ಚಿಕ್ಕಮ್ಮ ಆದ್ರೆ ಬೇಡ. ನಾವು ಮಂಗ್ಳೂರಿಂದ ಒಂದು ತಂದಿದ್ದೇವೆ.”

ಹುಡುಗಿ ಬಾಯಮ್ಮನ ಮುಖ ನೋಡಲಿಲ್ಲ. “ಇವ್ರು ಹೊಲ್ದಿದ್ದು, ಪಕ್ಕದ್ಮನೆ ಅಮ್ಮ,” ಎಂದಳು.

ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಬಾಯಮ್ಮ ಅವಳ ಕೈ ಒತ್ತಿ ಹಿಡಿದರು. “ಹೌದು, ಅಮ್ಮಂದೇ ಕೈಕೆಲ್ಸ,” ಎಂದರು. ಗಂಡಿನ ತಾಯಿ ಅಮ್ಮನನ್ನು ಬಾಯಿತುಂಬ ಹೊಗಳಿದರು. ಅಮ್ಮ ನೆಲ ನೋಡುತ್ತಾ ನಿಂತಿದ್ದಳು.

ಮದುವೆಯ ದಿನ ಅದೇ ದಿಂಬಿನ ಮೇಲೆ ಉಂಗುರ ಬಂತು. ಬಾಯಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಊಟವಾದ ಮೇಲೆ ಗಂಡಿನ ತಾಯಿ ದಿಂಬನ್ನು ಅಮ್ಮನ ಕೈಗೇ ಇಟ್ಟು, ನಿಮ್ಮ ನೆನಪಿಗೆ ಇಟ್ಟುಕೊಳ್ಳಿ ಎಂದರು. ಮನೆಗೆ ಬಂದವಳೇ ಅಮ್ಮ ಅದನ್ನು ಬಾಯಮ್ಮನಿಗೆ ಕೊಡಲು ಹೋದಳು. ಅವರು ತೆಗೆದುಕೊಳ್ಳಲಿಲ್ಲ.

“ನನ್ನ ಮನೇಲಿ ಯಾರಾದ್ರೂ ಕಂಡ್ರೆ ಹುಡುಗಿಗೆ ಕಷ್ಟ. ನಿಮ್ಮಲ್ಲೇ ಇರ್ಲಿ ಅಮ್ಮ.”

ಅವತ್ತು ಹುಡುಗಿಗೆ ಬೇರೆ ದಾರಿ ಇರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಇರಲಿ. ಆದರೆ ಆಮೇಲೆ? ಅವಳ ಮಕ್ಕಳ ಜ್ಞಾನಸ್ನಾನಕ್ಕೆ ಅಮ್ಮನಿಗೆ ಕರೆ ಬರುತ್ತಿತ್ತು, ಬಾಯಮ್ಮನಿಗೆ ಬರುತ್ತಿರಲಿಲ್ಲ. ಕಣ್ಣು ಮಂಜಾಗಿ ಸೂಜಿ ಹಿಡಿಯಲಾಗದೆ ಅವರು ಹೊಸನಗರದ ತಮ್ಮನ ಮನೆ ಸೇರಿದರು, ಅಲ್ಲೇ ತೀರಿಕೊಂಡರು. ಮಣ್ಣು ಮಾಡುವ ದಿನ ಆ ಹುಡುಗಿ ಬಂದಿದ್ದಳು. ಚೆನ್ನಾಗಿ ಅತ್ತಳು.

ಈಗ ಅಮ್ಮನೂ ಇಲ್ಲ. ಆ ಹುಡುಗಿಯ ಅತ್ತೆ ಸತ್ತು ಎಷ್ಟೋ ವರ್ಷವಾಯಿತು. ಹೋದ ವಾರ ಫೋನಿನಲ್ಲಿ ಇದ್ದದ್ದು ನಾವಿಬ್ಬರೇ. ಆದರೂ ಅವಳು ಕೇಳಿದ್ದು ಹೀಗೆ:

“ನಿಮ್ಮಮ್ಮ ಹೊಲಿದ ದಿಂಬು ಇದ್ಯೇನೇ? ಕಿರಿಮಗಳ ಮದ್ವೆಗೆ ಬೇಕಿತ್ತು.”

“ಯಾರು ಹೊಲ್ದಿದ್ದು?” ಎಂದೆ.

“ಅಯ್ಯೋ, ಅದೆಲ್ಲ ಹಳೇ ಕತೆ ಬಿಡೇ...”

“ಮದ್ವೇಲಿ ನಿನ್ನ ಬೀಗರ ಎದುರಿಗೆ ಹೇಳ್ತೀಯಾ, ನಮ್ಮ ಚಿಕ್ಕಮ್ಮ ಹೊಲ್ದಿದ್ದು ಅಂತ? ಹೇಳೋದಾದ್ರೆ ನಾಳೆನೇ ತಂದುಕೊಡ್ತೀನಿ.”

ನೋಡ್ತೀನಿ ಎಂದಳು. ಮತ್ತೆ ಫೋನು ಬಂದಿಲ್ಲ.

ಬಾಯಮ್ಮ ಇದ್ದಿದ್ದರೆ ಕೊಟ್ಟುಬಿಡು ಎನ್ನುತ್ತಿದ್ದರು, ನನಗೆ ಚೆನ್ನಾಗಿ ಗೊತ್ತು. ಆದರೆ ಅವರಿಲ್ಲ. ದಿಂಬನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಇಟ್ಟೆ.